ಠಾಣೆಗೆ ಹೋದ ವಾಷಿಂಗ್ ಮೆಷಿನ್

ಅರ್ಧ ಗಡ್ಡ ಬೋಳಿಸಿಕೊಂಡ ಗಂಡಸೊಬ್ಬ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಬೀದಿಯಲ್ಲಿ ಓಡುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಕ್ಷೌರದವನಿಗೆ ಕಾಸು ಕೊಡದೆ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದುಕೊಳ್ಳಬೇಕು, ಇಲ್ಲವೇ ಮನೆಗೆ ಬೆಂಕಿ ಬಿದ್ದಿದೆ ಎಂದುಕೊಳ್ಳಬೇಕು. ಸ್ಟಾರ್ ಓಡಿದ್ದು ಎರಡಕ್ಕೂ ಅಲ್ಲ. ಅವನ ಮನೆಯ ವಾಷಿಂಗ್ ಮೆಷಿನ್ನಿನ ಸದ್ದು ಕಳುವಾಗಿತ್ತು.

ಸ್ಟಾರ್ ಎಂದರೆ ನಮ್ಮ ಬೀದಿ ಕೊನೆಯ ರಿಪೇರಿ ಅಂಗಡಿಯವನು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮೆಷಿನ್, ಯಾವುದು ಕೊಟ್ಟರೂ ಬಿಚ್ಚುತ್ತಾನೆ. ಜೋಡಿಸುವುದು ಮಾತ್ರ ‘ನಾಳೆ’. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಹೈಸ್ಕೂಲಿನಲ್ಲಿ ಗಿಟಾರ್ ಕೈಗೆ ಬಂದ ದಿನ ಅದನ್ನು ತೆಗೆದುಹಾಕಿ, ತನ್ನನ್ನು ಇನ್ನು ಮುಂದೆ ಸ್ಟಾರ್ ಎಂದೇ ಕರೆಯಬೇಕೆಂದು ಅವನೇ ಸಾರಿದ. ಜನ ಮೊದಮೊದಲು ಬೆರಗಿನಿಂದ ಕರೆದರು, ಆಮೇಲೆ ಚೇಷ್ಟೆಗೆ ಕರೆದರು, ಈಗ ಅಭ್ಯಾಸಬಲದಿಂದ ಕರೆಯುತ್ತಾರೆ.

ಗಿಟಾರ್ ಬಂದಾಗ ಜೊತೆಗೆ ಪಕ್ಕದ ಮನೆಯ ಗೆಳೆಯನೊಬ್ಬ ಇದ್ದ. ಅವನ ಹತ್ತಿರ ಯಾವ ವಾದ್ಯವೂ ಇರಲಿಲ್ಲ. ಬಿಸ್ಕತ್ತಿನ ಖಾಲಿ ಡಬ್ಬ ಮಗುಚಿ ಹಾಕಿ ಬಡಿಯುತ್ತಿದ್ದ. ಅವನಿಗೆ ‘ಡಬ್ಬ’ ಎಂದು ಹೆಸರಿಟ್ಟವನೂ ಸ್ಟಾರೇ. ಇಬ್ಬರೂ ಸೇರಿ ಬ್ಯಾಂಡು ಕಟ್ಟಿದರು. ದೊಡ್ಡ ಕಂಪನಿಯವರು ಹಾಡುಗಾರರನ್ನು ಆರಿಸಲು ಬರುತ್ತಾರೆ ಎಂದು ಗೊತ್ತಾದಾಗ ಇಬ್ಬರೂ ಊಟ ನಿದ್ದೆ ಬಿಟ್ಟು ಸಿದ್ಧರಾದರು. ಆಯ್ಕೆಯ ದಿನ ಸ್ಟಾರ್ ಎರವಲು ತಂದ ಚರ್ಮದ ಜಾಕೆಟ್ಟಿನ ಜಿಪ್ಪು ಗಂಟಲಿನ ಹತ್ತಿರ ಸಿಕ್ಕಿಹಾಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು. ಟೈಲರನ ಅಂಗಡಿಗೆ ಹೋಗಿ ಬಿಡಿಸಿಕೊಂಡು, ಕೆದರಿಹೋದ ಕೂದಲನ್ನು ಮತ್ತೆ ಒಪ್ಪ ಮಾಡಿಕೊಂಡು ಬರುವಷ್ಟರಲ್ಲಿ ಸರದಿ ಮುಗಿದಿತ್ತು. ಕರೆದಾಗ ಗೆಳೆಯ ಬರಲಿಲ್ಲವೆಂದು ಡಬ್ಬ ಒಬ್ಬನೇ ಹೋಗಿ, ಡಬ್ಬ ಬಡಿದುಕೊಂಡು ಹಾಡಿದ್ದ. ಈಗ ಡಬ್ಬನ ಮುಖ ಬಸ್ಸುಗಳ ಹಿಂದೆ ಇದೆ, ಸೋಪಿನ ಜಾಹೀರಾತಿನಲ್ಲಿದೆ, ಮಕ್ಕಳ ಪೆನ್ಸಿಲ್ ಬಾಕ್ಸಿನ ಮೇಲೂ ಇದೆ. ಸ್ಟಾರಿನ ಮುಖ ಅಂಗಡಿಯ ಕೌಂಟರಿನ ಹಿಂದೆ ಇದೆ.

“ನನ್ನ ಜಾಗ ಕದ್ದ” ಎಂದು ಸ್ಟಾರ್ ಅಂದೇ ತೀರ್ಮಾನಿಸಿದ. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಅಪ್ಪಣೆಯಾಯಿತು. ಹೆಸರೇ ನಿಷೇಧವಾದ್ದರಿಂದ ಅಡುಗೆಮನೆಯ ಡಬ್ಬಗಳನ್ನು ಅವನ ಹೆಂಡತಿ ‘ಪಾತ್ರೆ’ ಎಂದು ಕರೆಯಬೇಕಾಯಿತು.

ಆ ಭಾನುವಾರ ಕ್ಷೌರದ ಅಂಗಡಿಯಲ್ಲಿ ಸ್ಟಾರಿನ ಒಂದು ಕೆನ್ನೆ ಮುಗಿದಿತ್ತು. ಇನ್ನೊಂದಕ್ಕೆ ನೊರೆ ಹಚ್ಚುತ್ತಿದ್ದಾಗ ರೇಡಿಯೋದವಳು, “ಇಡೀ ದೇಶವನ್ನೇ ಕುಣಿಸುತ್ತಿರುವ ಡಬ್ಬನ ಹೊಸ ಹಾಡು!” ಎಂದಳು. ಕ್ಷೌರದವನು ಬೆಚ್ಚಿ ರೇಡಿಯೋ ಕಡೆ ನೋಡಿದ. ಆರಿಸೋಣವೆಂದರೆ ಎರಡೂ ಕೈಯಲ್ಲಿ ಸೋಪು. ಹಾಡು ಶುರುವಾಗಿಯೇ ಬಿಟ್ಟಿತು.

ಕಟ್ಟರ್, ಕಟ್ಟರ್, ಕಟ್ಟರ್... ಟಕ್.

ಕಟ್ಟರ್, ಕಟ್ಟರ್, ಕಟ್ಟರ್... ಟಕ್.

ಸ್ಟಾರ್ ಕಣ್ಣು ಬಿಟ್ಟ. ಈ ಸದ್ದು ಅವನಿಗೆ ಗೊತ್ತು. ಪ್ರತಿ ಭಾನುವಾರ ಅವನ ಬಾಲ್ಕನಿಯಲ್ಲಿ ಏಳುವ ಸದ್ದು ಅದು. ಬಟ್ಟೆ ಹಿಂಡುವಾಗ ಅವನ ವಾಷಿಂಗ್ ಮೆಷಿನ್ ಮೂರು ಸಲ ಗದರಿ, ಒಂದು ಗಳಿಗೆ ಏನೋ ಯೋಚಿಸಿ, ಆಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು.

“ಇದು ನನ್ನ ಮೆಷಿನ್!” ಎಂದು ಕೂಗಿ ಅವನು ಕುರ್ಚಿಯಿಂದ ಜಿಗಿದ.

“ಅಣ್ಣಾ, ಇನ್ನೊಂದು ಕೆನ್ನೆ...” ಎಂದು ಕ್ಷೌರದವನು ಬಾಗಿಲವರೆಗೆ ಬಂದು ಕರೆದದ್ದು ಅವನಿಗೆ ಕೇಳಿಸಲಿಲ್ಲ.

ಮನೆ ಮೊದಲ ಮಹಡಿಯಲ್ಲಿತ್ತು. ಬಾಲ್ಕನಿಯಲ್ಲಿ ಹೆಂಡತಿ ಬಟ್ಟೆ ಹರವುತ್ತಿದ್ದಳು. ಅಮ್ಮ ಮೂಲೆಯಲ್ಲಿ ಕಾಲು ಚಾಚಿ ಕೂತು ಬಟಾಣಿ ಬಿಡಿಸುತ್ತಿದ್ದರು. ಮಧ್ಯದಲ್ಲಿ ಮೆಷಿನ್ ಮೈಮೇಲೆ ಬಂದಂತೆ ಕುಣಿಯುತ್ತಿತ್ತು.

“ಯಾರೂ ಮುಟ್ಟಬೇಡಿ! ಅದು ಸಾಕ್ಷಿ!” ಎಂದ ಸ್ಟಾರ್.

ಹೆಂಡತಿ ಗಂಡನ ಮುಖ ನೋಡಿದಳು. ಬೋಳಿಸಿದ ಕೆನ್ನೆ ನೋಡಿದಳು, ನೊರೆಯ ಕೆನ್ನೆ ನೋಡಿದಳು. “ಜಗಳ ಆಡ್ಕೊಂಡು ಬಂದ್ರಾ?”

“ಈ ಸದ್ದನ್ನ ಅವನು ಹಾಡಿಗೆ ಹಾಕ್ಕೊಂಡಿದ್ದಾನೆ. ಆ... ಆ ಪಾತ್ರೆ!”

“ಯಾವ ಪಾತ್ರೆ?”

“ಅವನೇ ಕಣೇ!”

ಅವಳಿಗೆ ಅರ್ಥವಾಯಿತು. ನಗು ಬಂದರೂ ಕ್ಲಿಪ್ಪು ಬಾಯಲ್ಲಿ ಕಚ್ಚಿ ತಡೆದುಕೊಂಡಳು. “ಹಾಕ್ಕೊಳ್ಳಲಿ ಬಿಡಿ. ಮದುವೆಯಾದಾಗಿಂದ ಹೇಳ್ತಿದ್ದೀನಿ, ಈ ಮೆಷಿನ್ ಸರಿ ಮಾಡಿ, ಸರಿ ಮಾಡಿ ಅಂತ. ಊರವರ ಮೆಷಿನ್ನಿಗೆಲ್ಲ ನೀವೇ ಡಾಕ್ಟರು, ಮನೇದು ಮಾತ್ರ ಹೀಗೆ ಒದರಾಡ್ಕೊಂಡು ಬಿದ್ದಿರಬೇಕು. ಆವತ್ತೇ ಸರಿ ಮಾಡಿದ್ರೆ ಕದಿಯೋಕೆ ಸದ್ದೇ ಇರ್ತಿರಲಿಲ್ಲ.”

ನ್ಯಾಯವಾದ ಮಾತು. ನ್ಯಾಯವಾದ ಮಾತು ಕೇಳಿದ ಕೂಡಲೇ ಸ್ಟಾರಿಗೆ ಅನುಮಾನ ಬರುವುದು. ಇವಳು ಯಾಕೆ ಇಷ್ಟು ತಣ್ಣಗಿದ್ದಾಳೆ? ಹಿಂದೊಮ್ಮೆ ಬಸ್ಸಿನ ಹಿಂದಿನ ಚಿತ್ರ ನೋಡಿ “ಕಣ್ಣು ಪಾಪದ್ದು” ಎಂದಿದ್ದಳಲ್ಲವೇ? ಯಾರ ಕಣ್ಣು? ಯಾವ ಪಾಪ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಗೆದ ಬಟ್ಟೆ ಹರವುತ್ತಿದ್ದ ಹೆಂಗಸಿನಲ್ಲಿ ಅವನಿಗೆ ಗೂಢಚಾರಿಣಿ ಕಂಡಳು.

“ಮನೆಯೊಳಗಿನವರು ಯಾರೋ ಇದನ್ನ ಹೊರಗೆ ಸಾಗಿಸಿದ್ದಾರೆ” ಎಂದ ಸ್ಟಾರ್, ಎಲ್ಲರಿಗೂ ಅನ್ವಯಿಸುವಂತೆ.

“ಹೋಗಲಿ ಬಿಡೋ ಮಗಾ, ಒಂದು ಸದ್ದಿಗೆ ಯಾಕಿಷ್ಟು ಹಾರಾಟ?” ಎಂದರು ಅಮ್ಮ. ಎಂದಿನ ದನಿಯೇ. ಆದರೆ ಕೈ ಮಾತ್ರ ಬಟಾಣಿಯನ್ನು ಕಸದ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿತ್ತು. ಲೋಕದ ಮೇಲೆಲ್ಲ ಅನುಮಾನಪಡುವ ಮಗನಿಗೆ ಅದೊಂದು ಕಾಣಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಧಡ್ ಧಡ್ ಎಂದು ಪೊರಕೆಯ ಹಿಡಿ ಸೂರಿಗೆ ಬಡಿಯಿತು. ಕೆಳಗಿನ ಮನೆಯ ಟೀಚರಮ್ಮ. ಗಣಿತ ಕಲಿಸಿ ನಿವೃತ್ತರಾದವರು. ಮೆಷಿನ್ ಕುಣಿದಾಗಲೆಲ್ಲ ಅವರ ಪೊರಕೆ ಹೀಗೆ ಉತ್ತರ ಕೊಡುತ್ತಿತ್ತು. ಸ್ಟಾರಿನ ತಲೆಯಲ್ಲಿ ದೀಪ ಹತ್ತಿತು. ಮೆಟ್ಟಿಲಿಳಿದು ಹೋಗಿ ಬಾಗಿಲು ತಟ್ಟಿದ.

“ಟೀಚರ್, ನಿಜ ಹೇಳಿ. ನನ್ನ ಮೆಷಿನ್ ಸದ್ದು ನೀವು ರೆಕಾರ್ಡ್ ಮಾಡಿದ್ದೀರಾ?”

“ಮಾಡಿದ್ದೀನಪ್ಪ” ಎಂದರು ಟೀಚರಮ್ಮ, ಹೆದರದೆ. “ಪ್ರತಿ ವಾರ ಮಾಡ್ತೀನಿ.”

ಸ್ಟಾರ್ ಗೋಡೆ ಹಿಡಿದುಕೊಂಡ. “ಯಾರಿಗೆ ಕಳಿಸ್ತೀರಿ?”

“ಇನ್ಯಾರಿಗೆ, ಮನೆ ಓನರಿಗೆ. ಆ ಮನುಷ್ಯ ಒಂದು ಸಲನಾದ್ರೂ ಬಂದು ವಿಚಾರಿಸಿದ್ದಾನಾ? ಇಲ್ಲ. ‘ಟ್ಯೂನ್ ಚೆನ್ನಾಗಿದೆ’ ಅಂತ ಉತ್ತರ ಕಳಿಸ್ತಾನೆ. ಅಂದಹಾಗೆ, ಅರ್ಧ ಗಡ್ಡ ಬಿಡೋದು ಹೊಸ ಸ್ಟೈಲಾ?”

ಟೀಚರಮ್ಮನಿಂದ ಓನರಿಗೆ, ಓನರಿನಿಂದ ಡಬ್ಬನಿಗೆ! ಸ್ಟಾರ್ ಲೆಕ್ಕ ಹಾಕಿಬಿಟ್ಟ. ದಾರಿ ಸ್ಪಷ್ಟವಾಗಿತ್ತು. ಅವನು ನೇರವಾಗಿ ಪೊಲೀಸ್ ಠಾಣೆಗೆ ನಡೆದ. ಒಂದು ಮಾತು ಹೇಳಬೇಕು: ಅವನಿಗೆ ದುಡ್ಡು ಬೇಕಿರಲಿಲ್ಲ, ಯಾರನ್ನೂ ಜೈಲಿಗೆ ಕಳಿಸಬೇಕೆಂದೂ ಇರಲಿಲ್ಲ. ಇಡೀ ದೇಶ ಕುಣಿಯುತ್ತಿರುವುದು ತನ್ನ ಮನೆಯ ತಾಳಕ್ಕೆ ಎಂದು ಒಬ್ಬರಾದರೂ ಒಪ್ಪಬೇಕಿತ್ತು. ಇಷ್ಟು ವರ್ಷ ಅವನು ಕಾದದ್ದೆಲ್ಲ ಅಷ್ಟಕ್ಕೇ.

ಠಾಣೆಯ ಸಾಹೇಬರು ಅವನನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದರು. “ಬಾರಯ್ಯ! ನಮ್ಮನೆ ಮಿಕ್ಸಿ ರೆಡಿನಾ?”

“ನಾಳೆ ಸಾರ್” ಎಂದ ಸ್ಟಾರ್, ರೂಢಿಯಂತೆ. “ಈಗ ಒಂದು ಕಳ್ಳತನದ ದೂರು ಕೊಡೋಕೆ ಬಂದೆ.”

“ಏನು ಹೋಯ್ತು?”

“ಸದ್ದು ಸಾರ್.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು. “ಯಾವುದರ ಸದ್ದು?”

“ವಾಷಿಂಗ್ ಮೆಷಿನ್ದು.”

“ಮೆಷಿನ್ ಇದೆಯಾ?”

“ಇದೆ ಸಾರ್.”

“ಸದ್ದೂ ಇದೆಯಾ?”

“ಅದೂ ಇದೆ ಸಾರ್.”

“ಮತ್ತೆ ಹೋಗಿದ್ದೇನಯ್ಯ?”

ಸ್ಟಾರ್ ಎಲ್ಲವನ್ನೂ ವಿವರಿಸಿದ. ಸಾಹೇಬರು ಡಬ್ಬನ ಹೆಸರು ಕೇಳಿದ ಕೂಡಲೇ ನೆಟ್ಟಗೆ ಕೂತರು. ಅವರ ಮಗಳು ಡಬ್ಬನ ಹಾಡು ಹಾಕದಿದ್ದರೆ ಊಟಕ್ಕೇ ಏಳುತ್ತಿರಲಿಲ್ಲ. ಆದರೂ ಅಧಿಕಾರಿಯ ಗಾಂಭೀರ್ಯ ಬಿಡುವಂತಿಲ್ಲವಲ್ಲ. “ಬಾಯಿಮಾತು ನಂಬೋಕಾಗಲ್ಲ. ಸಾಕ್ಷಿ ತಗೊಂಡು ಬಾ” ಎಂದರು. ತಗೊಂಡು ಬರಲಾರ ಎಂಬ ಧೈರ್ಯದ ಮೇಲೆ ಆಡಿದ ಮಾತು.

ಸ್ಟಾರ್ ತಂದ. ಅಂಗಡಿಯ ತಳ್ಳುಗಾಡಿಯ ಮೇಲೆ, ಒಳಗೆ ಒದ್ದೆ ಬಟ್ಟೆಯ ಸಮೇತ ತಂದ. ಹಿಂದೆ ಹೆಂಡತಿ, “ಅದರೊಳಗೆ ನಾಳೆ ಕೆಲಸಕ್ಕೆ ಹಾಕ್ಕೊಂಡು ಹೋಗೋ ನನ್ನ ಬಟ್ಟೆ ಇದೆ ರೀ!” ಎಂದು ಕೂಗುತ್ತಾ ಬಂದಳು. ಅವಳ ಹಿಂದೆ ಟೀಚರಮ್ಮ, ತಮ್ಮ ಹೆಸರನ್ನೂ ದೂರಿನಲ್ಲಿ ಎಳೆದಿದ್ದಾನೆಂಬ ಅನುಮಾನಕ್ಕೆ. ಅವರ ಹಿಂದೆ ಕ್ಷೌರದವನು, ಕೊರಳಿನ ಬಟ್ಟೆ ವಾಪಸ್ ಬೇಕೆಂದು. ಮೆರವಣಿಗೆ ಠಾಣೆ ತಲುಪುವ ಹೊತ್ತಿಗೆ ಬೀದಿಯ ಕಿಟಕಿಗಳಲ್ಲೆಲ್ಲ ತಲೆಗಳು ಮೂಡಿದ್ದವು.

ಸಾಹೇಬರ ಮೇಜಿನ ಪಕ್ಕದಲ್ಲಿ ಮೆಷಿನ್ ಇಳಿಸಿದರು. ಫ್ಯಾನಿನ ಪ್ಲಗ್ಗು ಕಿತ್ತು ಅದರ ಪ್ಲಗ್ಗು ಹಾಕಿದರು. ಸ್ಟಾರ್ ಗಂಟಲು ಸರಿ ಮಾಡಿಕೊಂಡು, ವೇದಿಕೆಯ ಮೇಲೆ ನಿಂತವನ ಗತ್ತಿನಲ್ಲಿ ಗುಂಡಿ ಒತ್ತಿದ.

ಮೆಷಿನ್ ತಿರುಗಿತು. ಹಾಲು ಕುಡಿದು ಮಲಗಿದ ಕೂಸಿನ ಉಸಿರಿನಂತೆ ಸಣ್ಣಗೆ ಗುಂಯ್ ಎಂದಿತು. ಮತ್ತೇನೂ ಇಲ್ಲ. ಒಂದು ಕಟ್ಟರ್ ಇಲ್ಲ. ಒಂದು ಟಕ್ ಇಲ್ಲ.

“ಬಾಯಿ ಬಿಡ್ತಿಲ್ಲವಲ್ಲಯ್ಯ!” ಎಂದರು ಸಾಹೇಬರು. “ಇಲ್ಲಿಗೆ ಬಂದೋರೆಲ್ಲ ಹೀಗೇ. ಮನೇಲಿ ಹಾರಾಡ್ತಾರೆ, ಠಾಣೆಗೆ ಬಂದ ಮೇಲೆ ಮೌನವ್ರತ.”

“ಮನೇಲಿ ಕೂಗುತ್ತೆ ಸಾರ್! ದೇವರಾಣೆ ಕೂಗುತ್ತೆ!”

“ಯಾರೋ ಹೆದರಿಸಿರಬೇಕು” ಎಂದ ಕ್ಷೌರದವನು.

“ಅಯ್ಯೋ, ನಮ್ಮ ಬಾಲ್ಕನೀಲಿ ಟೈಲ್ಸ್ ಒಡೆದು ಹಳ್ಳ ಬಿದ್ದಿದೆ. ಇಲ್ಲಿ ನೆಲ ಮಟ್ಟವಾಗಿದೆ” ಎಂದಳು ಹೆಂಡತಿ, ತನ್ನ ಬಟ್ಟೆ ಒಳಗಿನಿಂದ ತೆಗೆಯುತ್ತಾ. “ಒಂದು ಕಾಲು ಹಳ್ಳದಲ್ಲಿದ್ರೆ ಯಾರಾದ್ರೂ ಕುಣೀತಾರೆ.”

ಮೆಷಿನ್ ರಿಪೇರಿಯವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವನ ತಲೆಯ ಒಂದು ಕಾಲೂ ಆವತ್ತು ಹಳ್ಳದಲ್ಲೇ ಇತ್ತು. ಈಗ ಹೊಳೆದಾಗಲೂ ಅವನು ಮೊದಲು ಅನುಮಾನಪಟ್ಟದ್ದು ನೆಲವನ್ನು. ಠಾಣೆಯ ನೆಲ ಯಾಕೆ ಇಷ್ಟು ಮಟ್ಟವಾಗಿದೆ?

“ಸಾರ್, ನೀವೇ ಮನೆಗೆ ಬಂದು ಕೇಳಿ. ಸುಳ್ಳಾದ್ರೆ ನಿಮ್ಮ ಮಿಕ್ಸಿ ಇವತ್ತೇ ಕೊಡ್ತೀನಿ.”

“ನಿಜ ಆದ್ರೆ?”

“ಆಗಲೂ ಕೊಡ್ತೀನಿ ಸಾರ್.”

ಸಾಹೇಬರು ಟೋಪಿ ಹಾಕಿಕೊಂಡರು. ಹಾಡಿನ ಮೆಷಿನ್ ಕಣ್ಣಾರೆ ನೋಡಿದೆ ಎಂದರೆ ಮಗಳ ಹತ್ತಿರ ತಮಗೂ ಒಂದು ಬೆಲೆ ಬಂದೀತು ಎಂಬ ಆಸೆಯೂ ಟೋಪಿಯ ಕೆಳಗಿತ್ತು.

ಮೆರವಣಿಗೆ ತಿರುಗಿ ಬಂತು. ಮೆಷಿನ್ ಮತ್ತೆ ತನ್ನ ಹಳ್ಳದಲ್ಲಿ ಕಾಲಿಟ್ಟು ನಿಂತಿತು. ಪುಟ್ಟ ಬಾಲ್ಕನಿಯಲ್ಲಿ ಜನ ಹಿಡಿಸದೆ ಸಾಹೇಬರು ಒಗೆಯುವ ಬಕೆಟ್ಟು ಮಗುಚಿಕೊಂಡು ಅದರ ಮೇಲೆ ಕೂತರು. ಅಮ್ಮ ಎದ್ದು ಒಳಗೆ ಹೋಗಲು ನೋಡಿದರು.

“ಅಮ್ಮ, ನೀನೂ ಇರು. ನಿನ್ನ ಮಗನಿಗೆ ನ್ಯಾಯ ಸಿಗೋದನ್ನ ನೋಡು” ಎಂದು ಸ್ಟಾರ್ ಅವರನ್ನು ಅಲ್ಲೇ ಕೂರಿಸಿದ. ಗುಂಡಿ ಒತ್ತಿದ.

ಕಟ್ಟರ್, ಕಟ್ಟರ್, ಕಟ್ಟರ್... ಟಕ್.

“ಅದೇ!” ಎಂದರು ಸಾಹೇಬರು, ಬಕೆಟ್ಟಿನ ಮೇಲೆ ಕಾಲು ಕುಣಿಸುತ್ತಾ. “ಅಪ್ಪಟ ಅದೇ! ನಮ್ಮನೇಲಿ ದಿನಾ ಕೇಳ್ತೀನಿ.”

ಸ್ಟಾರಿನ ಎದೆ ಉಬ್ಬಿತು. ಟೀಚರಮ್ಮನ ಕಡೆ ಬೆರಳು ತೋರಿಸಿ, “ಹಾಗಾದ್ರೆ ಇವರನ್ನ ಕೇಳಿ ಸಾರ್...” ಎನ್ನುವಷ್ಟರಲ್ಲಿ ಅಮ್ಮನ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು.

ಅಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿದರು. ಅದು ಇನ್ನೂ ಜೋರಾಗಿ ಹೊಡೆದುಕೊಂಡಿತು. ಸುಮ್ಮನಾಗಿಸಲು ಹೋಗಿ ಯಾವುದೋ ಗುಂಡಿ ಒತ್ತಿದರು. ಕಿವಿ ಮಂದವಾದ್ದರಿಂದ ಅವರ ಫೋನಿನ ದನಿ ಸದಾ ಗರಿಷ್ಠದಲ್ಲೇ ಇರುತ್ತಿತ್ತು. ಬಸ್ಸುಗಳಿಂದ, ಅಂಗಡಿಗಳಿಂದ, ರೇಡಿಯೋಗಳಿಂದ ದೇಶವೆಲ್ಲ ಬಲ್ಲ ದನಿಯೊಂದು ಬಾಲ್ಕನಿಯಲ್ಲಿ ಮೊಳಗಿತು.

“ಅಮ್ಮಾ, ಊಟ ಆಯ್ತಾ? ಓ, ಮೆಷಿನ್ ಓಡ್ತಿದೆ! ಹಾಗಾದ್ರೆ ಅವನು ಮನೇಲೇ ಇದ್ದಾನೆ ಅನ್ನಿ.”

ಸಾಹೇಬರು ಬಕೆಟ್ಟಿನಿಂದ ಎದ್ದು ಸೆಲ್ಯೂಟ್ ಹೊಡೆದರು, ಫೋನಿಗೆ. ಕ್ಷೌರದವನು ಕೂದಲು ಸರಿಮಾಡಿಕೊಂಡ. ಸ್ಟಾರ್ ಮಾತ್ರ ಕಂಬದಂತೆ ನಿಂತ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದ.

“ಅಮ್ಮ... ನೀನಾ?”

ಅಮ್ಮ ಸೆರಗಿನ ಅಂಚು ತಿರುವುತ್ತಾ ಹೇಳಿದರು. “ಪ್ರತಿ ಭಾನುವಾರ ಮಾಡ್ತಾನೆ ಕಣೋ. ಹುಡುಗನಿದ್ದಾಗ ನನ್ನ ಕೈಯಲ್ಲೇ ಉಂಡು ಬೆಳೆದೋನು. ನೀನು ಬೈತೀಯ ಅಂತ ಹೇಳಲಿಲ್ಲ. ನೀನು ಹೊರಗಿನ ಕೋಣೇಲಿ ಗಿಟಾರ್ ಹಿಡ್ಕೊಂಡು ಕೂತಿರ್ತಿದ್ದೆ. ನಿನಗೆ ಕೇಳಿಸಬಾರದು ಅಂತ ನಾನು ಮೆಷಿನ್ ಪಕ್ಕ ಬಂದು ಮಾತಾಡ್ತಿದ್ದೆ.”

“ಅದಕ್ಕೇನಾ ಅತ್ತೆ, ನಾಲ್ಕು ಕರ್ಚೀಫಿದ್ರೂ ಮೆಷಿನ್ ಹಾಕು ಹಾಕು ಅಂತಿದ್ದಿದ್ದು?” ಎಂದಳು ಸೊಸೆ.

ಸ್ಟಾರ್ ಫೋನು ಕಿತ್ತುಕೊಂಡ. “ಲೋ ಡಬ್ಬ!”

ಎಷ್ಟೋ ವರ್ಷದ ಮೇಲೆ ಆ ಹೆಸರು ಆ ಬಾಯಿಂದ ಬಂದಿತ್ತು.

“ಸದ್ದು ಕದ್ದೆಯೇನೋ ಕಳ್ಳ?”

“ಕದ್ದೆ ಕಣೋ” ಎಂದಿತು ದನಿ, ಮೆತ್ತಗೆ.

“ಕೇಳಿಸ್ತಾ ಸಾರ್? ಒಪ್ಪಿಕೊಂಡ!” ಎಂದು ಸ್ಟಾರ್ ಸಾಹೇಬರ ಕಡೆ ತಿರುಗಿದ. ಆದರೆ ಇಷ್ಟು ಬೇಗ ಒಪ್ಪಿಕೊಂಡರೆ ಅನುಮಾನ ಬರದಿರುತ್ತದೆಯೇ? “ಯಾಕೋ? ನನ್ನನ್ನ ಆಡ್ಕೊಳ್ಳೋಕಾ?”

“ಅದು ಮೂರು ಸಲ ಸರಿಯಾಗಿ ಹೊಡೆದು ನಾಲ್ಕನೇದಕ್ಕೆ ತಡ ಮಾಡುತ್ತೆ ನೋಡು. ಹಾಗೆ ತಡ ಮಾಡೋನು ಈ ಪ್ರಪಂಚದಲ್ಲಿ ಒಬ್ಬನೇ ಇದ್ದ. ಫೋನಲ್ಲಿ ಕೇಳಿದಾಗಲೆಲ್ಲ ನೀನೇ ಗಿಟಾರ್ ಬಾರಿಸ್ತಿದ್ದೀಯ ಅನ್ಸೋದು. ನನ್ನ ಬ್ಯಾಂಡಲ್ಲಿ ಮಹಾ ಮಹಾ ಪಂಡಿತರಿದ್ದಾರೆ. ನಿನ್ನ ಹಾಗೆ ತಡ ಮಾಡಿ ಅಂತ ತಿಂಗಳುಗಟ್ಟಲೆ ಗೋಗರೆದೆ. ಯಾರಿಗೂ ಬರಲಿಲ್ಲ ಕಣೋ. ಸರಿಯಾಗಿ ಹೊಡೆದುಬಿಡ್ತಾರೆ. ಕೊನೆಗೆ ಮೆಷಿನ್ ಸದ್ದನ್ನೇ ಹಾಕಿದೆ.”

ಬಾಲ್ಕನಿಯಲ್ಲಿ ಮೆಷಿನ್ ಹಿಂಡಿ ಮುಗಿಸಿ ನಿಂತಿತ್ತು.

“ನಾನು ತಡ ಮಾಡ್ತಿರಲಿಲ್ಲ” ಎಂದ ಸ್ಟಾರ್ ಕೊನೆಗೆ, ದೊಡ್ಡ ಘನತೆಯಿಂದ. “ನೀನು ಮುಂದೆ ಓಡ್ತಿದ್ದೆ.” ಎಂದವನೇ ಫೋನು ಇಟ್ಟುಬಿಟ್ಟ.

ಸಾಹೇಬರು ಕೆಮ್ಮಿದರು. “ದೂರು ಏನು ಮಾಡೋಣಯ್ಯ? ಕಳ್ಳ ದೂರದಲ್ಲಿದ್ದಾನೆ. ಒಳಗಿನಿಂದ ಸಹಾಯ ಮಾಡಿದೋರು ಇಲ್ಲೇ ಕೂತಿದ್ದಾರೆ. ನಿಮ್ಮಮ್ಮನ್ನ ಒಳಗೆ ಹಾಕಲಾ?”

“ಹಾಕಪ್ಪ” ಎಂದರು ಅಮ್ಮ, ಸಿಪ್ಪೆಯಲ್ಲಿ ಸೇರಿದ್ದ ಬಟಾಣಿ ಆರಿಸುತ್ತಾ. “ಅಲ್ಲಾದ್ರೂ ನೆಲ ಮಟ್ಟವಾಗಿದೆಯಂತೆ.”

ಸ್ಟಾರ್ ಸಾಹೇಬರ ಮಿಕ್ಸಿಯನ್ನು ಆವತ್ತೇ ಜೋಡಿಸಿಕೊಟ್ಟ. ಅಂಗಡಿಯ ಚರಿತ್ರೆಯಲ್ಲಿ ‘ನಾಳೆ’ ಇವತ್ತೇ ಬಂದದ್ದು ಅದೊಂದೇ ಸಲ. ಕ್ಷೌರದವನು ಬಾಕಿ ಕೆನ್ನೆ ಮುಗಿಸಿದ. ಮರುದಿನ ಸ್ಟಾರ್ ಸಿಮೆಂಟು ಕಲೆಸಿಕೊಂಡು ಬಂದು ಬಾಲ್ಕನಿಯ ಹಳ್ಳ ಮುಚ್ಚಿ, ಟೈಲ್ಸ್ ಕೂರಿಸಿ, ಮೆಷಿನ್ನಿನ ಕಾಲು ಸಮ ಮಾಡಿದ. ಹೆಂಡತಿಗೆ ಹೇಳಿದ ಕಾರಣ, “ನಿನ್ನ ಕಾಟ ತಡೀಲಾರೆ” ಎಂದು. ಒಳಗಿನ ಕಾರಣ, ಇನ್ನು ಮುಂದೆ ಯಾರಿಗೂ ಪುಕ್ಕಟೆ ಸದ್ದು ಸಿಗಬಾರದೆಂದು. ಮೆಷಿನ್ ಗುಂಯ್ ಎಂದಿತು, ಅಷ್ಟೇ. ಹೆಂಡತಿ ಅದರ ಮೇಲೆ ನೀರಿನ ಲೋಟ ಇಟ್ಟು, ತುಳುಕುತ್ತದೆಯೇ ಎಂದು ನಿಂತು ನೋಡಿದಳು. ತುಳುಕಲಿಲ್ಲ.

ಮನೆ ನಿಶ್ಶಬ್ದವಾಯಿತು. ಎಷ್ಟೆಂದರೆ ಟೀಚರಮ್ಮನೇ ಪೊರಕೆ ಹಿಡಿದುಕೊಂಡು ಮೇಲೆ ಬಂದು, “ಯಾಕಪ್ಪ, ಎಲ್ಲ ಚೆನ್ನಾಗಿದ್ದೀರಾ? ಮಧ್ಯಾಹ್ನ ನಿದ್ದೇನೇ ಹತ್ತಲ್ಲ” ಎಂದು ವಿಚಾರಿಸಿಕೊಂಡು ಹೋದರು.

ಮುಂದಿನ ಭಾನುವಾರ ಸ್ಟಾರ್ ಬಾಲ್ಕನಿಯಲ್ಲಿ ಯಾರದೋ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಕೂರಲು ಹೊರಗಿನ ಕೋಣೆಯಿತ್ತು, ಅಂಗಡಿಯೂ ಇತ್ತು. ಯಾಕೆ ಬಾಲ್ಕನಿ ಎಂದು ಯಾರೂ ಕೇಳಲಿಲ್ಲ. ಮೆಷಿನ್ ತಣ್ಣಗೆ ತಿರುಗುತ್ತಿತ್ತು. ಫೋನು ಬಂತು. ಈಗ ಬಚ್ಚಿಡುವುದೇನೂ ಇರಲಿಲ್ಲ. ಆದರೂ ಅಮ್ಮ ಅಭ್ಯಾಸಬಲದಿಂದ ಮೆಷಿನ್ನಿನ ಪಕ್ಕಕ್ಕೇ ಬಂದು ನಿಂತರು.

“ಅಮ್ಮಾ, ಊಟ ಆಯ್ತಾ?” ಎಂದಿತು ಆ ದನಿ. ಆಮೇಲೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಂತಾಯಿತು. “ಮೆಷಿನ್ ಸದ್ದಿಲ್ಲ. ಅವನು... ಮನೇಲಿಲ್ವಾ?”

ಅಮ್ಮ ಮಗನ ಕಡೆ ನೋಡಿದರು. ಮಗ ಫ್ಯಾನಿನ ಸ್ಕ್ರೂ ಒಂದನ್ನು ಬಹಳ ಮುಖ್ಯವಾದದ್ದೆಂಬಂತೆ ನೋಡುತ್ತಿದ್ದ. ಹೆಂಡತಿ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ನಿಂತಳು.

ಸ್ಟಾರ್ ಪಕ್ಕದಲ್ಲಿದ್ದ ಸ್ಪ್ಯಾನರ್ ಎತ್ತಿಕೊಂಡ. ಮೆಷಿನ್ನಿನ ತಗಡಿಗೆ ಬಡಿದ, ಒಂದು, ಎರಡು, ಮೂರು. ನಿಂತ. ಇಡೀ ಬಾಲ್ಕನಿ ಉಸಿರು ಹಿಡಿದು ಕಾಯಿತು. ಆಮೇಲೆ, ಬರುವುದೇ ಇಲ್ಲವೇನೋ ಎನ್ನುವ ಹೊತ್ತಿಗೆ, ಬಂತು:

ಟಕ್.

ಫೋನಿನಲ್ಲಿ ನಗು ಕೇಳಿಸಿತು. ಬಿಸ್ಕತ್ತಿನ ಡಬ್ಬ ಬಡಿಯುತ್ತಿದ್ದ ಕಾಲದ ನಗು. “ಇದ್ದಾನೆ” ಎಂದಿತು ದನಿ. ಕೆಳಗಿನಿಂದ ಪೊರಕೆಯ ಹಿಡಿ ಧಡ್ ಧಡ್ ಎಂದು ಉತ್ತರ ಕೊಟ್ಟಿತು.

ಆ ಗಳಿಗೆಯಲ್ಲೇ ಸ್ಟಾರಿಗೆ ಒಂದು ಅನುಮಾನ ಬಂತು. ಈ ಕಳ್ಳ ಇದನ್ನೂ ಅಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾನೆ, ಖಂಡಿತ ಮಾಡಿಕೊಳ್ಳುತ್ತಿದ್ದಾನೆ. ಅವನು ಫೋನಿನ ಕಡೆ ಓರೆನೋಟ ಬೀರಿದ, ಬೆನ್ನು ನೆಟ್ಟಗೆ ಮಾಡಿಕೊಂಡ, ಕೂದಲು ಹಿಂದಕ್ಕೆ ತಳ್ಳಿದ, ಮತ್ತೆ ಶುರು ಮಾಡಿದ, ಈ ಸಲ ಇನ್ನೂ ಸ್ವಲ್ಪ ಜೋರಾಗಿ.